ಮದ್ದು ಎಷ್ಟು ಒಳಕ್ಕೆ ಇಳಿಯಿತು?

ಕಲ್ಚರ್ ರೂಮಿಗೆ ಹೋಗುವವರು ಚಪ್ಪಲಿ ಹೊರಗೇ ಬಿಡಬೇಕು. ಬಾಗಿಲ ಪಕ್ಕದ ಗೂಡಿನಲ್ಲಿ ನೀಲಿ ರಬ್ಬರ್ ಚಪ್ಪಲಿಗಳ ಸಾಲು. ಎಲ್ಲವೂ ಒಂದೇ ಅಳತೆ. ನನ್ನ ಹಿಮ್ಮಡಿ ಹೊರಗೇ ಉಳಿಯಿತು. ಮೈಮೇಲೆ ಬಿಳಿ ಕೋಟು, ಕೈಗೆ ಗ್ಲೌಸು, ಗ್ಲೌಸಿನ ಮೇಲೆ ಆಲ್ಕೋಹಾಲ್ ಸಿಂಪಡಣೆ. “ಇನ್ನು ಮೂಗು ಮುಟ್ಟಿಕೊಳ್ಳಬೇಡಿ ಸರ್, ಫೋನೂ ಮುಟ್ಟಬೇಡಿ” ಎಂದರು ನನ್ನನ್ನು ಸುತ್ತಿಸಲು ಒಪ್ಪಿದ ಸಂಶೋಧನಾ ವಿದ್ಯಾರ್ಥಿನಿ. ದಾವಣಗೆರೆ ಕಡೆಯವರು, ಪಿಎಚ್‌ಡಿಯ ಕೊನೆಯ ಹಂತದಲ್ಲಿದ್ದಾರೆ. ಬೆಂಗಳೂರಿನ ಸಂಶೋಧನಾ ಆವರಣವೊಂದರ ಲ್ಯಾಬ್ ಇದು. ಇಲ್ಲಿನ ಫಲಿತಾಂಶಗಳು ಇನ್ನೂ ಅಚ್ಚಾಗಿಲ್ಲ. ಹಾಗಾಗಿ ಲ್ಯಾಬಿನ ಹೆಸರಾಗಲಿ ಜನರ ಹೆಸರಾಗಲಿ ಬರೆಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಒಳಗೆ ಬಿಟ್ಟದ್ದು.

ಇಲ್ಲಿ ನಡೆಯುವುದನ್ನು ಒಂದು ವಾಕ್ಯದಲ್ಲಿ ಹೇಳಿಬಿಡಬಹುದು. ಕ್ಯಾನ್ಸರ್ ಗಡ್ಡೆಯ ಜೀವಕೋಶಗಳನ್ನು ಗಾಜಿನ ತಳದಲ್ಲಿ ಹಾಳೆಯಂತೆ ಹರಡಿ ಬೆಳೆಸುವ ಬದಲು, ಮೂರು ಆಯಾಮದ ಉಂಡೆಗಳಾಗಿ ಬೆಳೆಸಿ, ಅವುಗಳ ಮೇಲೆ ಔಷಧ ಸುರಿದು ಏನಾಗುತ್ತದೆಂದು ನೋಡುವುದು. ಹೇಳುವುದು ಸುಲಭ, ಮಾಡಲು ವಾರಗಳು ಬೇಕು. ಬಂದ ಉತ್ತರವನ್ನು ಎಷ್ಟು ನಂಬಬೇಕು ಎನ್ನುವುದಂತೂ ಬೇರೆಯೇ ಕಥೆ. ನನ್ನ ಕುತೂಹಲ ಇದ್ದದ್ದು ಆ ಕೊನೆಯ ಮಾತಿನ ಮೇಲೆ.

ಅಂದು ಆಸ್ಪತ್ರೆಯಿಂದ ಒಂದು ಥರ್ಮಾಕೋಲ್ ಡಬ್ಬಿ ಬಂದಿತ್ತು. ಐಸ್ ಪ್ಯಾಕುಗಳ ನಡುವೆ ಒಂದು ಬಾಟಲಿ, ಅದರಲ್ಲಿ ತುಸು ಕೆಂಪು ಬೆರೆತ ಹಳದಿ ನೀರು. ಬಾಟಲಿಯ ಮೇಲೆ ರೋಗಿಯ ಹೆಸರಿಲ್ಲ. ಒಂದು ಕೋಡ್, ತೆಗೆದ ತಾರೀಕು, ಹೊತ್ತು, ಅಷ್ಟೆ. ಅಂಡಾಶಯದ ಕ್ಯಾನ್ಸರ್ ಬಲಿತ ಹೆಂಗಸರಲ್ಲಿ ಹೊಟ್ಟೆಯೊಳಗೆ ನೀರು ತುಂಬಿಕೊಳ್ಳುವುದು ಸಾಮಾನ್ಯ. ನಮ್ಮವರು ಜಲೋದರ ಎನ್ನುವುದು ಇದನ್ನೇ. ಹೊಟ್ಟೆ ಬಿಗಿದು ಉಸಿರಾಡಲು ಕಷ್ಟವಾದಾಗ ವೈದ್ಯರು ಸೂಜಿ ಹಾಕಿ ಲೀಟರುಗಟ್ಟಲೆ ನೀರನ್ನು ಹೊರತೆಗೆಯುತ್ತಾರೆ. ಸಾಮಾನ್ಯವಾಗಿ ಅದು ಆಸ್ಪತ್ರೆಯ ತ್ಯಾಜ್ಯಕ್ಕೆ ಸೇರುವ ವಸ್ತು. ರೋಗಿ ಒಪ್ಪಿ ಸಹಿ ಹಾಕಿ, ಆಸ್ಪತ್ರೆಯ ಎಥಿಕ್ಸ್ ಕಮಿಟಿಯೂ ಅನುಮತಿ ಕೊಟ್ಟಿದ್ದರೆ ಅದರ ಒಂದು ಪಾಲು ಹೀಗೆ ಲ್ಯಾಬಿಗೆ ಬರುತ್ತದೆ.

ಪಿಪೆಟ್ಟಿನಲ್ಲಿ ಕೆಲವು ಹನಿ ಎಳೆದು, ಪುಟ್ಟ ತಟ್ಟೆಗೆ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕೂರಿಸಿದರು. ಮೊದಲು ಕಂಡದ್ದು ಕೆಂಪು ರಕ್ತಕಣಗಳ ಗದ್ದಲ. ಫೋಕಸ್ ತಿರುಗಿಸಿದಂತೆ ಅವುಗಳ ನಡುವೆ ದೊಡ್ಡ ಗುಂಪುಗಳು ಕಂಡವು. ಹತ್ತಾರು ಕೋಶಗಳು ಒಂದಕ್ಕೊಂದು ಅಂಟಿಕೊಂಡು ದುಂಡಗಾಗಿ ತೇಲುತ್ತಿದ್ದವು. ಕೆಲವು ಒಳಗೆಲ್ಲ ಒತ್ತಾಗಿ ತುಂಬಿದ ಗಟ್ಟಿ ಉಂಡೆಗಳು. ಇನ್ನು ಕೆಲವಕ್ಕೆ ಅಂಚು ನುಣುಪು, ಒಳಗೆ ಬೆಳಕು ಹಾಯುವ ಟೊಳ್ಳು. “ಇದನ್ನ ನಾವು ಮಾಡಿದ್ದಲ್ಲ ಸರ್. ಪೇಷಂಟ್ ಹೊಟ್ಟೆಯಿಂದ ಹೀಗೇ ಬಂದಿದ್ದು.”

ಈ ರೋಗ ಹರಡುವ ದಾರಿಯೇ ಹೀಗೆ. ಬೇರೆ ಅನೇಕ ಕ್ಯಾನ್ಸರುಗಳು ರಕ್ತನಾಳವನ್ನೋ ದುಗ್ಧನಾಳವನ್ನೋ ಹಿಡಿದು ದೂರದ ಅಂಗಗಳಿಗೆ ಹೋಗುತ್ತವೆ. ಅಂಡಾಶಯದ ಗಡ್ಡೆಯ ಕೋಶಗಳು ಬಹುಮಟ್ಟಿಗೆ ಗಡ್ಡೆಯಿಂದ ಉದುರಿ ಹೊಟ್ಟೆಯ ನೀರಿನಲ್ಲಿ ಗುಂಪುಕಟ್ಟಿ ತೇಲುತ್ತವೆ, ಕರುಳನ್ನು ಮುಚ್ಚಿರುವ ಕೊಬ್ಬಿನ ಪದರದ ಮೇಲೋ ಹೊಟ್ಟೆಯ ಒಳಗೋಡೆಯ ಮೇಲೋ ಇಳಿದು ಅಲ್ಲಿ ಬೇರೂರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮ್‌ರೇ ಭಟ್ ಅವರ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ಉಂಡೆಗಳ ಕುರಿತಾದದ್ದೇ. ಮೊದಲು ಗಟ್ಟಿಯಾಗಿರುವ ಉಂಡೆ ಕ್ರಮೇಣ ತನ್ನ ಮೈಮೇಲೆ ಒಂದು ತೆಳು ಪ್ರೋಟೀನು ಕವಚ ಹೊದ್ದು ಒಳಗೆ ಟೊಳ್ಳಾಗುತ್ತದೆ. ಆ ಕವಚವನ್ನು ಕಿಣ್ವ ಹಾಕಿ ಕರಗಿಸಿದರೆ ಟೊಳ್ಳು ಮಾಯವಾಗಿ ಮತ್ತೆ ಗಟ್ಟಿ ಉಂಡೆಯಾಗುತ್ತದೆ. ಕೋಶಗಳು ಅವೇ, ವಂಶವಾಹಿಗಳೂ ಅವೇ. ಹೊದಿಕೆ ಹೋದರೆ ಆಕಾರ ಬೇರೆ.

ಸೂಕ್ಷ್ಮದರ್ಶಕದ ಮುಂದೆ ಕೂತಿದ್ದಾಗಲೇ ನನಗೆ ಒಂದು ವಿಷಯ ತಿಳಿಯಾಯಿತು. ಮೂರು ಆಯಾಮದ ಕಲ್ಚರ್ ಎಂದಾಗ ನಾನು ಅದನ್ನು ಹೊಸ ಯಂತ್ರಜ್ಞಾನದ ಬೆಡಗು ಎಂದುಕೊಂಡಿದ್ದೆ. ನಿಜದಲ್ಲಿ ಉಂಡೆಯೇ ರೋಗದ ಸಹಜ ರೂಪ. ಕೃತಕವಾದದ್ದು ನಾವು ದಶಕಗಳ ಕಾಲ ಬೆಳೆಸುತ್ತ ಬಂದ ಹಾಳೆ.

ಆ ಹಾಳೆಯ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕಂಠದ ಗಡ್ಡೆಯಿಂದ, ಆಕೆಗೆ ತಿಳಿಸದೆ, ತೆಗೆದ ಕೋಶಗಳು ಲ್ಯಾಬಿನಲ್ಲಿ ಕೊನೆಯಿಲ್ಲದಂತೆ ಬೆಳೆದವು. ಹೀಲಾ ಕೋಶಗಳೆಂದು ಜಗತ್ತಿಗೆಲ್ಲ ಹಂಚಿಹೋದದ್ದು ಅವೇ. 1990ರ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 60 ಬಗೆಯ ಕ್ಯಾನ್ಸರ್ ಕೋಶಗಳ ಒಂದು ಬಳಗ ಕಟ್ಟಿ, ಸಾವಿರಾರು ರಾಸಾಯನಿಕಗಳನ್ನು ಅವುಗಳ ಮೇಲೆ ಪರೀಕ್ಷಿಸತೊಡಗಿತು. ಅಗ್ಗ, ವೇಗ, ಎಲ್ಲೆಡೆ ಒಂದೇ ಬಗೆಯ ಫಲಿತಾಂಶ. ಆ ಕೆಲಸದಿಂದ ಒಳ್ಳೆಯ ಔಷಧಗಳೂ ಬಂದವು, ಅದನ್ನು ಅಲ್ಲಗಳೆಯಲಾಗದು. ಆದರೆ ಮನುಷ್ಯರ ಮೇಲಿನ ಪ್ರಯೋಗದ ಮೊದಲ ಮೆಟ್ಟಿಲು ಹತ್ತಿದ 100 ಕ್ಯಾನ್ಸರ್ ಔಷಧಗಳಲ್ಲಿ ಮಾರುಕಟ್ಟೆ ಮುಟ್ಟುವುದು 5ರ ಆಸುಪಾಸು ಮಾತ್ರ. ಸೋತವುಗಳಲ್ಲಿ ಹೆಚ್ಚಿನವು ಹಾಳೆಯ ಮೇಲೆ ಚೆನ್ನಾಗಿಯೇ ಕೆಲಸ ಮಾಡಿದ್ದವು.

ಕಲ್ಚರ್ ರೂಮಿನ ಉದ್ದಕ್ಕೂ ಗಾಜಿನ ಮುಖದ ಉಕ್ಕಿನ ಕಪಾಟುಗಳಿವೆ. ಇವರ ಬಾಯಲ್ಲಿ ಅದು ‘ಹುಡ್’. ಒಳಗಿನಿಂದ ಶುದ್ಧೀಕರಿಸಿದ ಗಾಳಿ ಸದಾ ಬೀಸುತ್ತಿರುತ್ತದೆ. ಆ ಗಾಳಿಯ ಹೂಂಕಾರದಲ್ಲಿ ಮಾತು ಸ್ವಲ್ಪ ಜೋರಾಗಿಯೇ ಆಡಬೇಕು. ಉಂಡೆ ಮಾಡುವ ಎರಡು ವಿಧಾನಗಳನ್ನು ಒಂದೇ ಹುಡ್‌ನಲ್ಲಿ ಒಂದರ ನಂತರ ಒಂದರಂತೆ ತೋರಿಸಿದರು.

ಮೊದಲನೆಯದು ಸರಳ. 96 ಗುಂಡಿಗಳ ಪ್ಲಾಸ್ಟಿಕ್ ಪ್ಲೇಟು, ಪ್ರತಿ ಗುಂಡಿಯ ತಳ ಬಟ್ಟಲಿನ ಹಾಗೆ ದುಂಡಗೆ. ತಳಕ್ಕೆ ಕೋಶಗಳು ಅಂಟದಂತೆ ಲೇಪನ ಇರುತ್ತದೆ. ಅಂಟಲು ನೆಲ ಸಿಗದ ಕೋಶಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಎರಡು ಮೂರು ದಿನದಲ್ಲಿ ಗುಂಡಿಗೊಂದು ಉಂಡೆ ತಯಾರು. ಸ್ಫೆರಾಯ್ಡ್ ಎನ್ನುವುದು ಇದನ್ನೇ. ಹೊಸದೇನೂ ಅಲ್ಲ. ರಾಬರ್ಟ್ ಸದರ್ಲೆಂಡ್ ಮತ್ತು ಜೊತೆಗಾರರು 1971ರಲ್ಲೇ ಚೀನೀ ಹ್ಯಾಮ್‌ಸ್ಟರ್ ಇಲಿಯ ಶ್ವಾಸಕೋಶದ ಕೋಶಗಳಿಂದ ಇಂಥ ಉಂಡೆ ಕಟ್ಟಿ ವಿಕಿರಣ ಚಿಕಿತ್ಸೆಯ ಪರಿಣಾಮ ಅಳೆದಿದ್ದರು. ಜಗತ್ತು ಅದನ್ನು ಮೆಚ್ಚಿತು, ಆಮೇಲೆ ಬಹುಕಾಲ ಬದಿಗಿಟ್ಟಿತು. ಹಾಳೆಯಲ್ಲಿ ಕೆಲಸ ಅಷ್ಟು ಸಲೀಸಾಗಿ ನಡೆಯುತ್ತಿರುವಾಗ ಉಂಡೆಯ ಗೊಡವೆ ಯಾರಿಗೆ ಬೇಕಿತ್ತು?

ಎರಡನೆಯದಕ್ಕೆ ಕೈಚಳಕ ಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರನ್ನು ಬ್ಲೇಡಿನಲ್ಲಿ ಸಣ್ಣಗೆ ಕೊಚ್ಚಿ, ಕಿಣ್ವದಲ್ಲಿ ನೆನೆಸಿ, ಜಾಲರಿಯಲ್ಲಿ ಸೋಸಿ, ಸಿಕ್ಕ ಕೋಶಗಳನ್ನು ಮ್ಯಾಟ್ರಿಜೆಲ್ ಎಂಬ ಲೋಳೆಗೆ ಬೆರೆಸುತ್ತಾರೆ. ಈ ಲೋಳೆಯ ಸ್ವಭಾವ ವಿಚಿತ್ರ: ತಣ್ಣಗಿದ್ದಾಗ ನೀರು, ಬೆಚ್ಚಗಾದರೆ ಗಟ್ಟಿ. ಆದ್ದರಿಂದ ಬಾಟಲಿ ಐಸಿನಲ್ಲಿ, ಪ್ಲಾಸ್ಟಿಕ್ ಟಿಪ್ಪುಗಳು ಹಿಂದಿನ ರಾತ್ರಿಯಿಂದ ಫ್ರೀಜರಿನಲ್ಲಿ. ಅವರು ಉಸಿರು ಬಿಗಿಹಿಡಿದು ಗುಳ್ಳೆ ಬರದ ಹಾಗೆ ಹೀರಿ, ಬೆಚ್ಚಗಿನ ಪ್ಲೇಟಿನ ನಡುವೆ ಒಂದು ಹನಿ ಇಳಿಸಿದರು. ಹನಿ ಹರಡಲಿಲ್ಲ, ಗುಮ್ಮಟವಾಗಿ ಕೂತಿತು. ಅಂಥ ಒಂದು ಸಾಲು ಹನಿ ಇಟ್ಟು ಪ್ಲೇಟನ್ನು ತಟಕ್ಕನೆ ತಲೆಕೆಳಗು ಮಾಡಿ 37 ಡಿಗ್ರಿಯ ಇನ್‌ಕ್ಯುಬೇಟರಿಗೆ ಸೇರಿಸಿದರು. ಕೋಶಗಳು ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ಅಂಟಿಬಿಟ್ಟರೆ ಮತ್ತೆ ಹಾಳೆಯೇ ಆಗುತ್ತದಲ್ಲ, ಅದಕ್ಕೆ ಈ ಉಪಾಯ. “ಎಸಿ ಜಾಸ್ತಿ ಆದ್ರೂ ಕಷ್ಟ, ಕಮ್ಮಿ ಆದ್ರೂ ಕಷ್ಟ. ಕರೆಂಟ್ ಹೋದ ದಿನ ಈ ಕೆಲಸಾನೇ ಮುಟ್ಟಲ್ಲ” ಎಂದರು, ಕೈ ನಿಲ್ಲಿಸದೆ.

ಈ ಲೋಳೆ ಎಲ್ಲಿಯದು ಎಂದು ಕೇಳಿದೆ. ಇಲಿಯ ಗಡ್ಡೆಯದು! ಎಂಗೆಲ್‌ಬ್ರೆತ್-ಹೋಲ್ಮ್ ಮತ್ತು ಸ್ವಾರ್ಮ್ ಎಂಬವರ ಹೆಸರು ಹೊತ್ತ ಒಂದು ಬಗೆಯ ಇಲಿ ಗಡ್ಡೆ ತನ್ನ ಸುತ್ತ ವಿಪರೀತವಾಗಿ ಲ್ಯಾಮಿನಿನ್, ಕೊಲಾಜೆನ್ ಮುಂತಾದ ಪ್ರೋಟೀನುಗಳನ್ನು ಸುರಿಸಿಕೊಳ್ಳುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜಾರ್ಜ್ ಮಾರ್ಟಿನ್, ಹಿಂಡಾ ಕ್ಲೈನ್‌ಮನ್ ಮೊದಲಾದವರು ಅದರ ಸಾರ ತೆಗೆದು ಬಳಕೆಗೆ ತಂದರು. ‘ಪ್ರಾಣಿಗಳನ್ನು ಬಳಸದ ಪರೀಕ್ಷೆ’ ಎಂದು ಈ ವಿಧಾನವನ್ನು ಹೊಗಳುವ ಭಾಷಣಗಳಲ್ಲಿ ಈ ಇಲಿಯ ಪ್ರಸ್ತಾಪ ಬರುವುದು ಅಪರೂಪ. ಕೋಶಗಳಿಗೆ ಉಣಿಸುವ ದ್ರವದಲ್ಲಿ ಹಲವು ಸಲ ಕರುವಿನ ಭ್ರೂಣದ ಸೀರಮ್ ಕೂಡ ಇರುತ್ತದೆ. ಇದು ಬೂಟಾಟಿಕೆ ಎನ್ನಲಾರೆ. ಸಾಯುವ ಇಲಿಗಳ ಸಂಖ್ಯೆ ಕಡಿಮೆಯಾಗುವುದು ನಿಜ. ಆದರೆ ಲೆಕ್ಕ ಪೂರ್ತಿ ಹೇಳಬೇಕು. ತೊಂದರೆ ನೈತಿಕವಾದದ್ದಷ್ಟೇ ಅಲ್ಲ. ಇಲಿಯಿಂದ ಬಂದ ವಸ್ತುವಾದ್ದರಿಂದ ಒಂದು ಬಾಟಲಿಗೂ ಇನ್ನೊಂದಕ್ಕೂ ತುಸು ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ಪ್ರಯೋಗ ಮುಗಿಯುವವರೆಗೆ ಒಂದೇ ಬ್ಯಾಚಿನ ಲೋಳೆ ಇರುವಂತೆ ಇವರು ಮೊದಲೇ ಕೊಂಡು ಕೂಡಿಡುತ್ತಾರೆ.

ಗಡ್ಡೆಯ ಸುತ್ತಲಿನ ಈ ಪ್ರೋಟೀನು ಜಾಲರಿ ಬರಿಯ ಆಸರೆಯಲ್ಲ ಎಂದು ತೋರಿಸಿಕೊಟ್ಟವರಲ್ಲಿ ದೊಡ್ಡ ಹೆಸರು ಮೀನಾ ಬಿಸ್ಸೆಲ್ ಅವರದು. ಇರಾನಿನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ವಿಜ್ಞಾನಿ. ಲೋಳೆಯೊಳಗಿಟ್ಟ ಆರೋಗ್ಯವಂತ ಸ್ತನಕೋಶಗಳು ಅಚ್ಚುಕಟ್ಟಾದ ಪುಟ್ಟ ಗೋಳಗಳಾಗುತ್ತವೆ, ಕ್ಯಾನ್ಸರ್ ಕೋಶಗಳು ಅಡ್ಡಾದಿಡ್ಡಿ ಬೆಳೆಯುತ್ತವೆ. 1997ರಲ್ಲಿ ಅವರ ತಂಡ, ಕೋಶವು ಜಾಲರಿಯನ್ನು ಹಿಡಿಯುವ ಒಂದು ಪ್ರೋಟೀನನ್ನು ಪ್ರತಿಕಾಯದಿಂದ ತಡೆಯಿತು. ಅಡ್ಡಾದಿಡ್ಡಿ ಬೆಳೆದಿದ್ದ ಕೋಶಗಳು ಮತ್ತೆ ಸಾಲು ಹಿಡಿದು ಗೋಳ ಕಟ್ಟಿದವು. ವಂಶವಾಹಿಗಳ ದೋಷ ಹಾಗೆಯೇ ಇತ್ತು. ನಡತೆ ಮಾತ್ರ ಬದಲಾಗಿತ್ತು. ಹಾಳೆಯ ಮೇಲೆ ಈ ಪ್ರಯೋಗ ಮಾಡುವಂತೆಯೇ ಇರಲಿಲ್ಲ, ಏಕೆಂದರೆ ಅಲ್ಲಿ ಎರಡೂ ಬಗೆಯ ಕೋಶಗಳು ನೋಡಲು ಬಹುತೇಕ ಒಂದೇ. ಮೇಲೆ ಹೇಳಿದ ರಾಮ್‌ರೇ ಭಟ್ ಬಿಸ್ಸೆಲ್ ಅವರ ಜೊತೆ ಕೆಲಸ ಮಾಡಿ ಬೆಂಗಳೂರಿಗೆ ಬಂದವರು.

ಆಮೇಲಿನ ದೊಡ್ಡ ತಿರುವು ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ನಗರದ್ದು. ಹಾನ್ಸ್ ಕ್ಲೆವರ್ಸ್ ಅವರ ಲ್ಯಾಬಿನಲ್ಲಿ ಜಪಾನಿನ ತೊಶಿರೊ ಸಾತೊ, ಇಲಿಯ ಕರುಳಿನ ಒಂದೇ ಒಂದು ಕಾಂಡಕೋಶವನ್ನು ಲೋಳೆಯಲ್ಲಿಟ್ಟು ಸರಿಯಾದ ಬೆಳವಣಿಗೆ ಪ್ರೋಟೀನುಗಳನ್ನು ಉಣಿಸಿ, ಮಡಿಕೆಗಳಿರುವ ಪುಟ್ಟ ಕರುಳನ್ನೇ ಬೆಳೆಸಿದರು. ಅದು ಪ್ರಕಟವಾದದ್ದು 2009ರಲ್ಲಿ. ಆರ್ಗನಾಯ್ಡ್ ಎಂಬ ಮಾತು ಮನೆಮಾತಾದದ್ದು ಅಲ್ಲಿಂದ. ಮುಂದೆ ರೋಗಿಗಳ ಗಡ್ಡೆಯಿಂದಲೇ ಆರ್ಗನಾಯ್ಡ್ ಬೆಳೆಸಿ, ಹೆಪ್ಪುಗಟ್ಟಿಸಿ, ಬೇಕಾದಾಗ ಕರಗಿಸಿ ಬಳಸುವ ‘ಜೀವಂತ ಬ್ಯಾಂಕ್’ಗಳು ಬಂದವು, 2015ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನದು, 2019ರಲ್ಲಿ 32 ರೋಗಿಗಳಿಂದ ಪಡೆದ ಅಂಡಾಶಯದ ಕ್ಯಾನ್ಸರಿನದು. ಈ ಲ್ಯಾಬಿನಲ್ಲೂ ಅಂಥ ಪುಟ್ಟ ಬ್ಯಾಂಕ್ ಇದೆ. ಮೂಲೆಯ ದ್ರವ ಸಾರಜನಕದ ಡ್ರಮ್ಮಿನ ಮುಚ್ಚಳ ತೆಗೆದಾಗ ಬಿಳಿ ಹೊಗೆ ಕಾಲಿನವರೆಗೂ ಇಳಿಯಿತು. ಒಳಗಿನ ಉಷ್ಣಾಂಶ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಎಲ್ಲ ರೋಗಿಗಳ ಕೋಶಗಳೂ ಇಲ್ಲಿ ಬೆಳೆಯುವುದಿಲ್ಲ. ಕೆಲವು ಮೊದಲ ವಾರವೇ ಸಾಯುತ್ತವೆ. ಕೆಲವುಗಳಲ್ಲಿ ಕ್ಯಾನ್ಸರ್ ಕೋಶ ಹಿಂದೆ ಬಿದ್ದು ಪಕ್ಕದ ಆರೋಗ್ಯವಂತ ಕೋಶ ಬೆಳೆದುಬಿಡುತ್ತದೆ. ಇನ್ನು ಕೆಲವಕ್ಕೆ ಬೂಷ್ಟು ಹಿಡಿಯುತ್ತದೆ. ಆ ಪ್ಲೇಟಿನ ಜೊತೆ ಅಕ್ಕಪಕ್ಕದವೂ ಬ್ಲೀಚಿಗೆ.

ಇಷ್ಟೆಲ್ಲ ಕಷ್ಟಪಟ್ಟು ಉಂಡೆ ಮಾಡಿದರೆ ಔಷಧದ ವಿಷಯದಲ್ಲಿ ಏನು ಬದಲಾಗುತ್ತದೆ? ಅದನ್ನು ನೋಡಲು ಪಕ್ಕದ ಕತ್ತಲೆ ಕೋಣೆಗೆ ಹೋದೆವು. ಡಾಕ್ಸೊರುಬಿಸಿನ್ ಎಂಬ ಹಳೆಯ ಕಿಮೋ ಔಷಧವಿದೆ. ಬಾಟಲಿಯಲ್ಲೇ ಕೆಂಪಗಿರುತ್ತದೆ, ಕಿಮೋ ವಾರ್ಡಿನಲ್ಲಿ ‘ಕೆಂಪು ಇಂಜೆಕ್ಷನ್’ ಎಂದರೆ ಎಲ್ಲರಿಗೂ ಗೊತ್ತು. ಅದಕ್ಕೊಂದು ಗುಣ: ತಕ್ಕ ಬಣ್ಣದ ಬೆಳಕು ಬಿಟ್ಟರೆ ತಾನೇ ಕಿತ್ತಳೆಗೆಂಪಾಗಿ ಹೊಳೆಯುತ್ತದೆ. ಬೇರೆ ಬಣ್ಣ ಹಾಕುವುದೇ ಬೇಡ, ಔಷಧ ಎಲ್ಲಿದೆ ಎಂದು ಔಷಧವೇ ಹೇಳುತ್ತದೆ.

ಪರದೆಯ ಮೇಲೆ ಮೊದಲು ಹಾಳೆಯ ಚಿತ್ರ ಬಂತು. ಪ್ರತಿ ಕೋಶದ ಒಳಗೂ ಕೆಂಪು ಚುಕ್ಕೆ; ಔಷಧ ಕೋಶಕೇಂದ್ರ ಸೇರಿ ಡಿಎನ್‌ಎ ಹಿಡಿದಿದೆ. ಆಮೇಲೆ ಅದೇ ಕೋಶಗಳ ಉಂಡೆ, ಅದೇ ಪ್ರಮಾಣದ ಔಷಧ, ಅಷ್ಟೇ ಹೊತ್ತು. ಯಂತ್ರ ಉಂಡೆಯನ್ನು ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಓದುತ್ತ ಹೋಯಿತು. ನಡುವಿನ ಪದರ ಬಂದಾಗ ಅಂಚಿನಲ್ಲಿ ಕೆಂಪು ಬಳೆ, ಒಳಗೆ ಕಪ್ಪು. “ಮುದ್ದೆನ ಸಾರಲ್ಲಿ ಅದ್ದಿ ಎತ್ತಿದ ಹಾಗೆ ಸರ್. ಹೊರಗಷ್ಟೇ ಹತ್ತಿರೋದು.”

ಒಳಗಿನ ಕಪ್ಪಿನಲ್ಲಿರುವ ಕೋಶಗಳಲ್ಲಿ ಅನೇಕವು ಬದುಕಿವೆ, ಆದರೆ ಸುಖವಾಗಿಲ್ಲ. ಆಮ್ಲಜನಕ ರಕ್ತನಾಳದಿಂದ ಅಂಗಾಂಶದೊಳಕ್ಕೆ 100ರಿಂದ 200 ಮೈಕ್ರಾನಿನಷ್ಟು ದೂರ ಮಾತ್ರ ಸೋರಿಹೋಗಬಲ್ಲದು. ಒಂದು ಮಿಲಿಮೀಟರಿನ ಐದನೇ ಒಂದು ಪಾಲೂ ದಾಟದು. 1955ರಲ್ಲೇ ಲಂಡನ್ನಿನಲ್ಲಿ ಥಾಮ್ಲಿನ್ಸನ್ ಮತ್ತು ಗ್ರೇ ಎಂಬಿಬ್ಬರು ಶ್ವಾಸಕೋಶದ ಗಡ್ಡೆಗಳ ತೆಳು ಸೀಳುಗಳನ್ನು ನೋಡಿ, ರಕ್ತನಾಳದಿಂದ ಇಷ್ಟು ದೂರದಾಚೆಗೆ ಕೋಶಗಳು ಸತ್ತಿರುತ್ತವೆ ಎಂದು ಅಳೆದು ತೋರಿಸಿದ್ದರು. ಅರ್ಧ ಮಿಲಿಮೀಟರು ದಾಟಿದ ಉಂಡೆಯಲ್ಲೂ ಹಾಗೆಯೇ. ಹೊರಗೆ ಚುರುಕಾಗಿ ಒಡೆದು ಬೆಳೆಯುವ ಕೋಶಗಳು. ಅದರ ಒಳಗೆ ಆಮ್ಲಜನಕ ಸಾಲದೆ ವಿಭಜನೆ ನಿಲ್ಲಿಸಿ ತೆಪ್ಪಗಿರುವ ಕೋಶಗಳು. ನಟ್ಟನಡುವೆ ಸತ್ತ ಕೋಶಗಳು. ಈಗ ಅಂಡಾಶಯದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟಾಕ್ಸೆಲ್ ತಗೊಳ್ಳಿ. ಅದು ಹೊಡೆಯುವುದು ವಿಭಜನೆಯಾಗುತ್ತಿರುವ ಕೋಶವನ್ನು. ತೆಪ್ಪಗಿರುವ ಕೋಶಕ್ಕೆ ಅದು ತಲುಪಿದರೂ ಮಾಡುವುದು ಕಡಿಮೆ. ಎಂದರೆ ಮದ್ದಿಗೆ ಎರಡು ತಡೆ: ಒಳಗೆ ಹೋಗುವುದೇ ಕಷ್ಟ, ಹೋದರೂ ಅಲ್ಲಿನವರು ಅದಕ್ಕೆ ಸಿಗುವ ಸ್ಥಿತಿಯಲ್ಲಿಲ್ಲ. ಕಿಮೋ ಮುಗಿದು ಸ್ಕ್ಯಾನ್ ಚೆನ್ನಾಗಿ ಬಂದು, ಒಂದೆರಡು ವರ್ಷದಲ್ಲಿ ರೋಗ ಮರಳಿತು ಎನ್ನುವ ಮನೆಮನೆಯ ಕಥೆಗೆ ಇದೊಂದು ಕಾರಣ. ಇದೊಂದೇ ಅಲ್ಲ.

ಔಷಧ ಪರೀಕ್ಷೆಯ ಪ್ಲೇಟನ್ನು ತಯಾರಿಸುವುದು ನೋಡುವವರಿಗೆ ಬೇಸರದ ಕೆಲಸ, ಮಾಡುವವರಿಗೆ ಬೆನ್ನುನೋವಿನದು. ಪ್ಲೇಟಿನ ಹೊರ ಅಂಚಿನ ಗುಂಡಿಗಳಿಗೆ ಉಂಡೆ ಹಾಕುವುದೇ ಇಲ್ಲ, ಬರೀ ದ್ರವ; ಅಂಚಿನಲ್ಲಿ ನೀರು ಬೇಗ ಆರಿ ಲೆಕ್ಕ ತಪ್ಪುತ್ತದೆ. ಒಳಗಿನ ಸಾಲುಗಳಲ್ಲಿ ಒಂದು ಔಷಧದ ಹಲವು ಪ್ರಮಾಣ, ಅತಿ ಕಡಿಮೆಯಿಂದ ಅತಿ ಹೆಚ್ಚಿನವರೆಗೆ, ಪ್ರತಿಯೊಂದೂ ಮೂರು ಮೂರು ಗುಂಡಿಯಲ್ಲಿ. ಒಂದು ಸಾಲಿಗೆ ಔಷಧವಿಲ್ಲ, ಔಷಧ ಕರಗಿಸಿದ ದ್ರಾವಕ ಮಾತ್ರ. ಇನ್ನೊಂದಕ್ಕೆ ಎಲ್ಲವನ್ನೂ ಕೊಲ್ಲುವುದು ಖಾತ್ರಿಯಿರುವ ವಿಷ. ಈ ಎರಡು ಸಾಲುಗಳಿಲ್ಲದ ಪ್ಲೇಟಿನ ಫಲಿತಾಂಶ ಯಾರು ತಂದುಕೊಟ್ಟರೂ ನೋಡಬಾರದಂತೆ.

ಐದಾರು ದಿನ ಬಿಟ್ಟು ಎಣಿಕೆ. ಬದುಕಿರುವ ಕೋಶದಲ್ಲಿ ಎಟಿಪಿ ಎಂಬ ಶಕ್ತಿಯ ಅಣು ಇರುತ್ತದೆ, ಸತ್ತದ್ದರಲ್ಲಿ ಉಳಿಯುವುದಿಲ್ಲ. ಮಿಂಚುಹುಳದ ಹೊಟ್ಟೆ ಬೆಳಗುವುದು ಲೂಸಿಫೆರೇಸ್ ಎಂಬ ಕಿಣ್ವದಿಂದ. ಆ ಕಿಣ್ವಕ್ಕೆ ಬೆಳಗಲು ಎಟಿಪಿ ಬೇಕೇ ಬೇಕು. ಉಂಡೆಯನ್ನು ಒಡೆದು ಆ ಕಿಣ್ವವನ್ನು ಸೇರಿಸಿದರೆ, ಎಷ್ಟು ಬೆಳಕೋ ಅಷ್ಟು ಜೀವ. ಬೆಳಕು ಕಣ್ಣಿಗೆ ಕಾಣುವಷ್ಟಿಲ್ಲ. ಪ್ಲೇಟನ್ನು ನುಂಗಿದ ಯಂತ್ರ ಒಂದೊಂದೇ ಗುಂಡಿಯ ಬೆಳಕನ್ನು ಅಳೆದು ಅಂಕಿಗಳ ಪಟ್ಟಿ ಕೊಡುತ್ತದೆ. ಅದನ್ನು ಗೆರೆಯಾಗಿ ಎಳೆದರೆ, ಅರ್ಧದಷ್ಟು ಜೀವ ಕುಂದಲು ಎಷ್ಟು ಔಷಧ ಬೇಕಾಯಿತು ಎಂಬ ಸಂಖ್ಯೆ ಸಿಗುತ್ತದೆ. ಉಂಡೆಯಲ್ಲಿ ಆ ಸಂಖ್ಯೆ ಹಾಳೆಯದಕ್ಕಿಂತ ಹಲವು ಪಟ್ಟು ಹೆಚ್ಚಿರುವುದು ಸಾಮಾನ್ಯ. ಅದು ರೋಗಿಯ ರಕ್ತದಲ್ಲಿ ಸುರಕ್ಷಿತವಾಗಿ ತಲುಪಬಹುದಾದ ಪ್ರಮಾಣಕ್ಕಿಂತ ಹೆಚ್ಚಾಗಿದ್ದರೆ, ಆ ಔಷಧ ಕೊಂದರೂ ಪ್ರಯೋಜನವಿಲ್ಲ. ಉಪ್ಪನ್ನು ಬೇಕಾದಷ್ಟು ಸುರಿದರೂ ಕೋಶ ಸಾಯುತ್ತದೆ!

ಇಲ್ಲಿಗೆ ಲ್ಯಾಬಿನ ಸುತ್ತಾಟ ಮುಗಿಯಿತು. ಕಾರಿಡಾರಿನ ಕೊನೆಯ ಕೋಣೆಯಲ್ಲಿ ಮುಖ್ಯಸ್ಥರಾದ ಪ್ರೊಫೆಸರ್ ಮೇಡಂ ಕಾಫಿ ತರಿಸಿದರು. ಈ ಸಂಖ್ಯೆ ರೋಗಿಯ ಮಟ್ಟಿಗೆ ಎಷ್ಟು ಬೆಲೆಯದು ಎಂದು ಕೇಳಿದೆ.

ಅವರು ಮೊದಲು ಹೇಳಿದ್ದು ಲಂಡನ್ನಿನ ಅಧ್ಯಯನದ ಬಗ್ಗೆ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದದ್ದು. ಹರಡಿದ ಜಠರ, ಕರುಳಿನ ಕ್ಯಾನ್ಸರಿನ 71 ರೋಗಿಗಳಿಂದ ಆರ್ಗನಾಯ್ಡ್ ಬೆಳೆಸಿ, ರೋಗಿಗೆ ಕೊಟ್ಟ ಔಷಧವನ್ನೇ ಆರ್ಗನಾಯ್ಡಿಗೂ ಕೊಟ್ಟು ಹೋಲಿಸಿದ್ದರು. ಹೀಗೆ ಹೋಲಿಸಲು ಸಾಧ್ಯವಾದ ಪ್ರಕರಣಗಳು ಕೆಲವೇ. ಅವುಗಳಲ್ಲಿ ಆರ್ಗನಾಯ್ಡ್ ಬಗ್ಗದ ಔಷಧಕ್ಕೆ ರೋಗಿಯೂ ಬಗ್ಗಲಿಲ್ಲ, 100ಕ್ಕೆ 100. ಆರ್ಗನಾಯ್ಡ್ ಬಗ್ಗಿದಾಗ ರೋಗಿಯಲ್ಲೂ ಫಲ ಕಂಡದ್ದು 100ಕ್ಕೆ 88. ಮರುವರ್ಷ ಆಮ್‌ಸ್ಟರ್‌ಡ್ಯಾಮ್ ಕಡೆಯ ತಂಡ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಇರಿನೊಟೆಕಾನ್ ಎಂಬ ಔಷಧದ ಫಲವನ್ನು ಹೀಗೆ ಊಹಿಸಬಹುದು ಎಂದು ತೋರಿಸಿತು. ಆದರೆ ಅದೇ ರೋಗಕ್ಕೆ ಕೊಡುವ ಇನ್ನೊಂದು ಜೋಡಿ, ಫ್ಲೋರೊಯುರಾಸಿಲ್ ಮತ್ತು ಆಕ್ಸಾಲಿಪ್ಲಾಟಿನ್, ವಿಷಯದಲ್ಲಿ ಊಹೆ ಫಲಿಸಲಿಲ್ಲ.

ನನಗೆ ಹೆಚ್ಚು ನಾಟಿದ್ದು ಮೂರನೆಯ ಅಧ್ಯಯನ. ಅದೂ ಡಚ್ಚರದೇ, 2021ರಲ್ಲಿ ಬಂದದ್ದು. ಹಿಂದಿನವು ಆಗಿಹೋದ ಚಿಕಿತ್ಸೆಯ ಜೊತೆ ಹೋಲಿಕೆ; ಇದರಲ್ಲಿ ಆರ್ಗನಾಯ್ಡ್ ಹೇಳಿದ ಔಷಧವನ್ನು ನಿಜಕ್ಕೂ ಕೊಡುವುದೆಂದು ತೀರ್ಮಾನ. ಬೇರೆ ಚಿಕಿತ್ಸೆ ಉಳಿಯದ ದೊಡ್ಡ ಕರುಳಿನ ಕ್ಯಾನ್ಸರಿನ 61 ಮಂದಿ ಸೇರಿದರು. ಗಡ್ಡೆಯ ಚೂರು ತೆಗೆದು, ಬೆಳೆಸಿ, ಪರೀಕ್ಷಿಸಿ, ಫಲಿತಾಂಶ ಬರುವ ಹೊತ್ತಿಗೆ ಹಲವರ ಆರೋಗ್ಯ ಕೈಮೀರಿತ್ತು, ಹಲವರ ಕೋಶ ಬೆಳೆದೇ ಇರಲಿಲ್ಲ. ಕೊನೆಗೆ ಆರ್ಗನಾಯ್ಡಿನ ಮಾತು ಕೇಳಿ ಔಷಧ ತಗೊಂಡವರು 6 ಮಂದಿ. ಯಾರ ಗಡ್ಡೆಯೂ ಕುಗ್ಗಲಿಲ್ಲ.

ಉಂಡೆ ‘ಆಗುವುದಿಲ್ಲ’ ಎಂದರೆ ನಂಬಲು ಹೆಚ್ಚು ಕಾರಣವಿದೆ, ‘ಆಗುತ್ತದೆ’ ಎಂದರೆ ಕಡಿಮೆ. ಇದು ನನಗೆ ಅರ್ಥವಾದ ಬಗೆ, ಮೇಡಂ ತಲೆಯಾಡಿಸಿದರು. ಅವರ ಪ್ರಕಾರ ಇದರಲ್ಲಿ ಆಶ್ಚರ್ಯವೇನಿಲ್ಲ. ಎಲ್ಲ ಅನುಕೂಲ ಇರುವ ಪ್ಲೇಟಿನಲ್ಲೇ ಕೊಲ್ಲಲಾಗದ ಔಷಧ ದೇಹದೊಳಗೆ ಕೊಲ್ಲುವುದು ಕಷ್ಟ. ಪ್ಲೇಟಿನಲ್ಲಿ ಗೆದ್ದ ಔಷಧ ಮಾತ್ರ ಮುಂದೆ ಯಕೃತ್ತನ್ನು ದಾಟಬೇಕು. ಅದು ಮುರಿದುಹಾಕದೆ ಬಿಟ್ಟರೆ ರಕ್ತದಲ್ಲಿ ಸಾಕಷ್ಟು ಹೊತ್ತು ಉಳಿಯಬೇಕು. ಗಡ್ಡೆಯ ವಕ್ರ, ಸೋರುವ ರಕ್ತನಾಳಗಳ ಮೂಲಕ ಒಳಗೆ ಇಳಿಯಬೇಕು. ಉಂಡೆಯಲ್ಲಿ ಯಕೃತ್ತಿಲ್ಲ, ರಕ್ತನಾಳವಿಲ್ಲ. ರೋಗನಿರೋಧಕ ಕೋಶಗಳೂ ಇಲ್ಲ. ಈಗಿನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅಷ್ಟು ಹೆಸರಾದ ಇಮ್ಯುನೊಥೆರಪಿಯ ಔಷಧಗಳು ಗಡ್ಡೆಯನ್ನು ತಾವಾಗಿ ಮುಟ್ಟುವುದೇ ಇಲ್ಲ, ದೇಹದ ಟಿ ಕೋಶಗಳಿಗೆ ಹಾಕಿದ ಬ್ರೇಕನ್ನು ತೆಗೆಯುತ್ತವೆ. ಟಿ ಕೋಶವೇ ಇಲ್ಲದ ಉಂಡೆಯ ಮೇಲೆ ಅವನ್ನು ಸುರಿದರೆ ನೀರು ಸುರಿದಂತೆ. ಆದ್ದರಿಂದಲೇ ಈಗ ರೋಗಿಯ ರಕ್ತದಿಂದ ಟಿ ಕೋಶ ತೆಗೆದು ಉಂಡೆಯ ಜೊತೆ ಬೆಳೆಸುವ ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ಮಿತ್ರಾ ಬಯೋಟೆಕ್ ಬೇರೆ ದಾರಿ ಹಿಡಿದಿತ್ತು. ಗಡ್ಡೆಯನ್ನು ಕೋಶಗಳಾಗಿ ಬಿಡಿಸದೆ ತೆಳು ಚೂರುಗಳಾಗಿಯೇ ಉಳಿಸಿಕೊಂಡು, ರೋಗಿಯದೇ ರಕ್ತದ ಸೀರಮ್ ಉಣಿಸಿ, ಕೆಲವೇ ದಿನದಲ್ಲಿ ಔಷಧದ ಪರಿಣಾಮ ನೋಡುವ ಆ ವಿಧಾನ 2015ರಲ್ಲಿ ನೇಚರ್ ಕಮ್ಯುನಿಕೇಶನ್ಸ್‌ನಲ್ಲಿ ಪ್ರಕಟವಾಯಿತು. ಅಲ್ಲಿ ಗಡ್ಡೆಯ ನೆರೆಹೊರೆ ಸ್ವಲ್ಪ ಕಾಲವಾದರೂ ಹಾಗೆಯೇ ಉಳಿಯುತ್ತದೆ. ಆದರೆ ಚೂರು ಬೆಳೆಯುವುದಿಲ್ಲ, ಒಮ್ಮೆ ಬಳಸಿದರೆ ಮುಗಿಯಿತು.

ಔಷಧ ಕಂಪನಿಗಳ ದೃಷ್ಟಿಯಲ್ಲಿ ಲೆಕ್ಕ ಬೇರೆ. ಸೋಲುವ ಔಷಧವನ್ನು ಮನುಷ್ಯರ ಪ್ರಯೋಗಕ್ಕೆ ಮೊದಲೇ ಕೈಬಿಡುವುದೇ ಅವರಿಗೆ ಲಾಭ. ‘ಇಲ್ಲ’ ಎಂದು ಚೆನ್ನಾಗಿ ಹೇಳಬಲ್ಲ ಪರೀಕ್ಷೆಗೆ ಅಲ್ಲಿ ನಿಜವಾದ ಜಾಗವಿದೆ. ಕಾನೂನೂ ಆ ಕಡೆಗೇ ವಾಲಿದೆ. ಹೊಸ ಔಷಧಕ್ಕೆ ಪ್ರಾಣಿ ಪರೀಕ್ಷೆ ಕಡ್ಡಾಯ ಎಂಬ ಮಾತನ್ನು 2022ರ ಡಿಸೆಂಬರಿನಲ್ಲಿ ಅಮೆರಿಕ ತನ್ನ ಕಾಯ್ದೆಯಿಂದ ತೆಗೆಯಿತು. 2023ರ ಮಾರ್ಚಿನಲ್ಲಿ ನಮ್ಮ ದೇಶದ ಹೊಸ ಔಷಧಗಳ ಮತ್ತು ಕ್ಲಿನಿಕಲ್ ಟ್ರಯಲ್‌ಗಳ ನಿಯಮಗಳಿಗೂ ತಿದ್ದುಪಡಿ ಬಂದು, ಆರ್ಗನಾಯ್ಡ್‌ಗಳಂಥ ಕೋಶಾಧಾರಿತ ಪರೀಕ್ಷೆಗಳಿಗೆ ಜಾಗ ಸಿಕ್ಕಿತು. ಜಾಗ ಸಿಕ್ಕಿದೆ ಎಂದಷ್ಟೇ. ಪ್ರಾಣಿ ಪರೀಕ್ಷೆ ನಿಂತಿಲ್ಲ.

ಹಾಗಾದರೆ ಇವತ್ತು ಕಿಮೋಗೆ ಕಾಯುತ್ತಿರುವ ರೋಗಿ ತನ್ನ ಗಡ್ಡೆಯ ಉಂಡೆ ಮಾಡಿಸಿ ನೋಡಬೇಕೇ? ಅಂಥ ಕೋರಿಕೆಯ ಫೋನುಗಳು ಈ ಲ್ಯಾಬಿಗೂ ಬರುತ್ತವಂತೆ, ಹೆಚ್ಚಾಗಿ ಮಗನೋ ಅಳಿಯನೋ ಮಾಡುವುದು, ಅಂತರ್ಜಾಲದಲ್ಲಿ ಓದಿಕೊಂಡು. ಹಣ ಪಡೆದು ಇಂಥ ಪರೀಕ್ಷೆ ಮಾಡಿಕೊಡುವವರೂ ಇದ್ದಾರೆ. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2004ರಲ್ಲೂ ಮತ್ತೆ 2011ರಲ್ಲೂ ಹಳೆಯ ತಲೆಮಾರಿನ ಇಂಥ ಪರೀಕ್ಷೆಗಳನ್ನು ತೂಗಿ ನೋಡಿ, ಕ್ಲಿನಿಕಲ್ ಟ್ರಯಲ್‌ನ ಹೊರಗೆ ಅವುಗಳ ಆಧಾರದ ಮೇಲೆ ಕಿಮೋ ಆರಿಸಬಾರದು ಎಂದಿತ್ತು. ಉಂಡೆ ಆ ಪರೀಕ್ಷೆಗಳಿಗಿಂತ ಮೇಲು. ಆದರೆ ಆ ಸಲಹೆಯನ್ನು ಬದಲಿಸಬೇಕಾದರೆ, ಉಂಡೆಯ ಮಾತು ಕೇಳಿ ಚಿಕಿತ್ಸೆ ಪಡೆದವರು ಕೇಳದವರಿಗಿಂತ ಹೆಚ್ಚು ದಿನ ಬದುಕಿದರು ಎಂದು ದೊಡ್ಡ ಟ್ರಯಲ್ ಒಂದು ತೋರಿಸಬೇಕು.

“ಫೋನ್ ಮಾಡಿದವರಿಗೆ ಏನು ಹೇಳುತ್ತೀರಿ?” ಎಂದೆ.

“ಡಾಕ್ಟರ್ ಬರೆದಿರೋ ಟ್ರೀಟ್‌ಮೆಂಟ್ ಮೊದಲು ಶುರುಮಾಡಿ, ನಮಗೋಸ್ಕರ ಒಂದು ದಿನಾನೂ ಕಾಯಬೇಡಿ ಅಂತೀನಿ. ಅಮ್ಮನ ಗಡ್ಡೆಯ ಚೂರು ಕೊಡೋಕೆ ಮನಸ್ಸಿದ್ದರೆ ಆಸ್ಪತ್ರೆಯಲ್ಲಿ ಸಹಿ ಹಾಕಿ, ನಾವು ಬೆಳೆಸ್ತೀವಿ, ಆದರೆ ರಿಪೋರ್ಟ್ ನಿಮಗೆ ಕೊಡಲ್ಲ ಅಂತ ಮೊದಲೇ ಹೇಳಿಬಿಡ್ತೀನಿ” ಎಂದರು. “ಅಷ್ಟು ಕೇಳಿದ ಮೇಲೂ ತುಂಬಾ ಜನ ಸಹಿ ಹಾಕ್ತಾರೆ.”